ಶ್ವಾಸಕೋಶದ ರಕ್ಷಣೆಗೆ ಕರುಳಿನ ಸಿದ್ಧತೆ

ಫ್ಲೂ ಜ್ವರದ ವೈರಸ್ ಹೊಕ್ಕು ಬೆಳೆಯುವುದು ಶ್ವಾಸಮಾರ್ಗದ ಜೀವಕೋಶಗಳಲ್ಲೇ ಆದರೂ, ಅದನ್ನು ಎದುರಿಸಲು ದೇಹ ಎಷ್ಟು ಸನ್ನದ್ಧವಾಗಿರುತ್ತದೆ ಎಂಬುದು ದೊಡ್ಡ ಕರುಳಿನಲ್ಲಿ ನೆಲೆಸಿರುವ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಗಳನ್ನೂ ಅವಲಂಬಿಸಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಕಿಕೊ ಇವಾಸಾಕಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ವಾರಗಟ್ಟಲೆ ಆ್ಯಂಟಿಬಯಾಟಿಕ್ ಬೆರೆಸಿದ ನೀರು ಕುಡಿದ ಇಲಿಗಳು ಫ್ಲೂ ವೈರಸ್ಸಿನ ವಿರುದ್ಧ ಸಾಕಷ್ಟು ಪ್ರತಿಕಾಯಗಳನ್ನು ಉತ್ಪಾದಿಸಲಾರದೆ ಹೋದವು. ಅಂತಹ ಇಲಿಗಳಿಗೆ ಬ್ಯಾಕ್ಟೀರಿಯದ ಹೊರಪೊರೆಯ ಅಂಶವೊಂದನ್ನು ಗುದದ್ವಾರದ ಮೂಲಕ ಕೊಟ್ಟಾಗ, ಅದು ಸೇರಿದ್ದು ಕರುಳಿಗಾದರೂ ಶ್ವಾಸಕೋಶದ ಪ್ರತಿರೋಧ ಚೇತರಿಸಿಕೊಂಡಿತು.

ಕರುಳಿನ ಸಂಕೇತ ಶ್ವಾಸಕೋಶದಷ್ಟು ದೂರ ತಲುಪುವ ಬಗೆಯೊಂದನ್ನು ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಗುರುತಿಸಿತು. ಚಹಾ, ಹಣ್ಣು, ತರಕಾರಿಗಳಲ್ಲಿರುವ ಫ್ಲೇವನಾಯ್ಡ್ ಎಂಬ ಸಸ್ಯಜನ್ಯ ಸಂಯುಕ್ತಗಳನ್ನು ಕ್ಲಾಸ್ಟ್ರಿಡಿಯಂ ಕುಲದ ಒಂದು ಬ್ಯಾಕ್ಟೀರಿಯ ಒಡೆದಾಗ ಡೆಸಾಮಿನೊಟೈರೊಸಿನ್ ಎಂಬ ಪದಾರ್ಥ ಉಂಟಾಗುತ್ತದೆ. ಅದು, ವೈರಸ್ ವಿರುದ್ಧ ಜೀವಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್ ಎಂಬ ಪ್ರೋಟೀನಿನ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ. ಸೋಂಕಿಗೆ ಮೊದಲೇ ಈ ಪದಾರ್ಥವನ್ನು ಪಡೆದ ಇಲಿಗಳ ಶ್ವಾಸಕೋಶದಲ್ಲಿ ವೈರಸ್ಸಿನ ಪ್ರಮಾಣ ಇತರ ಇಲಿಗಳಷ್ಟೇ ಇದ್ದರೂ ಅಂಗಾಂಶದ ಹಾನಿ ಮಾತ್ರ ಗಣನೀಯವಾಗಿ ಕಡಿಮೆಯಿತ್ತು ಎಂಬುದು ಈ ಪ್ರಯೋಗದ ಅತ್ಯಂತ ಮಹತ್ವದ ಅಂಶ. ಇಲ್ಲಿ ಕಾಲವೇ ನಿರ್ಣಾಯಕ: ಸೋಂಕು ಬಲಿತ ಮೇಲೆ ಇಂಟರ್‌ಫೆರಾನ್ ಉಕ್ಕಿದರೆ ಉರಿಯೂತ ಹೆಚ್ಚಿ ಶ್ವಾಸಕೋಶಕ್ಕೇ ಪೆಟ್ಟು ಬೀಳಬಹುದು. ಆದ್ದರಿಂದ ಕರುಳಿನ ಬ್ಯಾಕ್ಟೀರಿಯಗಳ ನೆರವನ್ನು ಚಿಕಿತ್ಸೆಗಿಂತ ಮುಖ್ಯವಾಗಿ ಮುನ್ನೆಚ್ಚರಿಕೆಯೆಂದೇ ಪರಿಗಣಿಸುವುದು ಸೂಕ್ತ.

ಮನುಷ್ಯರಲ್ಲಿ ನಡೆದ ಪರೀಕ್ಷೆಗಳಲ್ಲಿ ಒಡಿಶಾದ ಹಳ್ಳಿಗಳದ್ದು ಎದ್ದು ಕಾಣುತ್ತದೆ. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಪೈಕಿ ಅರ್ಧದಷ್ಟಕ್ಕೆ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಬ್ಯಾಕ್ಟೀರಿಯದ ಒಂದು ತಳಿಯನ್ನು, ಅದಕ್ಕೆ ಆಹಾರವಾಗುವ ಸಕ್ಕರೆಯೊಂದಿಗೆ ಏಳು ದಿನ ಕೊಡಲಾಯಿತು. ರಕ್ತದ ನಂಜಿಗೆ ಅಥವಾ ಸಾವಿಗೆ ಈಡಾದವರ ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿಯಿತಲ್ಲದೆ ಶ್ವಾಸಕೋಶದ ಸೋಂಕುಗಳೂ ಕಡಿಮೆಯಾದವು. ಈ ಫಲ ಆ ತಳಿಗೂ, ಆ ವಯಸ್ಸಿನ ಮಕ್ಕಳಿಗೂ ಸಂಬಂಧಿಸಿದ್ದು. ಅದನ್ನು ಅಂಗಡಿಯ ಪ್ರತಿಯೊಂದು ಪ್ರೋಬಯಾಟಿಕ್ ಮಾತ್ರೆಗೂ ಅನ್ವಯಿಸಲಾಗದು. ವಯಸ್ಕರೂ ಮಕ್ಕಳೂ ಸೇರಿದ್ದ ಪರೀಕ್ಷೆಗಳನ್ನು 2022ರಲ್ಲಿ ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆ, ಪ್ರೋಬಯಾಟಿಕ್‌ಗಳಿಂದ ನೆಗಡಿ, ಗಂಟಲು ನೋವಿನಂತಹ ಸೋಂಕುಗಳು ಕಡಿಮೆಯಾಗುವ ಸಾಧ್ಯತೆ ಕಂಡರೂ ಸಾಕ್ಷ್ಯದ ಖಚಿತತೆ ಮಧ್ಯಮ ಇಲ್ಲವೇ ಕೆಳಮಟ್ಟದ್ದು ಎಂದಿತು.

ವೈರಸ್ ನೆಗಡಿಯ ಮೇಲೆ ಆ್ಯಂಟಿಬಯಾಟಿಕ್‌ಗೆ ಯಾವ ಪ್ರಭಾವವೂ ಇಲ್ಲದಿರುವಾಗ, ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯಿಂದ ಅದನ್ನು ತಂದು ನುಂಗುವ ನಮ್ಮ ರೂಢಿ, ಮುಂದಿನ ಸೋಂಕಿಗೆ ದೇಹವನ್ನು ಸಜ್ಜುಗೊಳಿಸಬೇಕಾದ ಬ್ಯಾಕ್ಟೀರಿಯಗಳನ್ನೇ ನಾಶಮಾಡುತ್ತದೆ.