ಮೊಳಕೆಕಟ್ಟಿದ ಹೆಸರುಕಾಳು

ಮುಂಬಯಿಯ ನಮ್ಮ ಮನೆಗಳಿಗೆ ಹಿತ್ತಲಿಲ್ಲ, ತೋಟವಿಲ್ಲ. ಆದರೂ ಬೀಜವು ಸಸಿಯಾಗಿ ಏಳುವ ವಿಸ್ಮಯವನ್ನು ನಾವು ಅಡಿಗೆಮನೆಯಲ್ಲಿಯೇ ಕಾಣಬಹುದು. ರಾತ್ರಿ ನೆನೆಯಿಟ್ಟ ಹೆಸರುಕಾಳನ್ನು ತಾಯಂದಿರು ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಮರುದಿನ ಗಂಟು ಬಿಚ್ಚಿದರೆ ಕಾಳುಗಳಿಗೆ ಬಿಳಿಯ ಮೊಳಕೆ ಮೂಡಿರುತ್ತದೆ. ಈ ಅಲ್ಪಕಾಲದಲ್ಲಿ ಕಾಳಿನೊಳಗೆ ನಡೆಯುವ ವ್ಯಾಪಾರವೇನೆಂಬುದನ್ನು ವಿಚಾರಿಸೋಣ.

ಒಣಗಿದ ಕಾಳು ಸತ್ತ ವಸ್ತುವಲ್ಲ. ಅದು ನಿದ್ರಿಸುತ್ತಿರುವ ಜೀವ. ಅದರ ಎರಡು ಬೇಳೆಗಳು ಎಳೆಯ ಸಸಿಗಾಗಿ ತುಂಬಿಟ್ಟ ಕಣಜಗಳು. ಕಾಳಿನ ತೂಕದಲ್ಲಿ ಸುಮಾರು ಕಾಲುಭಾಗ ಸಸಾರಜನಕ; ಉಳಿದುದರಲ್ಲಿ ಹೆಚ್ಚಿನ ಪಾಲು ಪಿಷ್ಟ. ಆದರೆ ಇವುಗಳ ಅಣುಗಳು ಬಹು ದೊಡ್ಡವು. ಇದ್ದ ರೂಪದಲ್ಲಿಯೇ ಅವು ಬೆಳೆಯುವ ಮೊಳಕೆಗೆ ಒದಗಲಾರವು. ನೀರು ಒಳಹೊಕ್ಕೊಡನೆ ಕಾಳಿನ ಉಸಿರಾಟವು ಚುರುಕಾಗಿ, ಕಿಣ್ವಗಳು ಕೆಲಸಕ್ಕೆ ತೊಡಗುತ್ತವೆ. ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಪ್ರೋಟಿಯೇಸ್ ಎಂಬ ಕಿಣ್ವಗಳು ಸಸಾರಜನಕವನ್ನು ಅಮೈನೋ ಆಮ್ಲಗಳನ್ನಾಗಿ ಮಾಡುತ್ತವೆ. ಕಬ್ಬಿಣ, ಸತು ಮೊದಲಾದ ಖನಿಜಗಳನ್ನು ಹಿಡಿದಿಟ್ಟಿರುವ ಫೈಟಿಕ್ ಆಮ್ಲವನ್ನು ಫೈಟೇಸ್ ಒಡೆಯುತ್ತದೆ. ಹೊಟ್ಟೆಯುಬ್ಬರ ತರುವ ಕೆಲವು ಸಕ್ಕರೆಗಳೂ ಕಡಿಮೆಯಾಗುತ್ತವೆ. ಮೊಳಕೆಕಾಳು ಜೀರ್ಣಕ್ಕೆ ಹಗುರವೆನ್ನುವುದಕ್ಕೆ ಇವೇ ಕಾರಣಗಳು.

ಈ ಕಾರ್ಯಕ್ಕೆ ವೆಚ್ಚವೂ ಉಂಟು. ಉಸಿರಾಟದಲ್ಲಿ ಸ್ವಲ್ಪ ಆಹಾರವು ಇಂಗಾಲಾಮ್ಲ ವಾಯುವಾಗಿ ಹೊರಟುಹೋಗುತ್ತದೆ. ಮೊಳಕೆಯ ತೂಕ ಹೆಚ್ಚಿದಂತೆ ಕಂಡರೂ ಅದು ನೀರಿನ ತೂಕ. ಆದರೆ ಒಂದು ಅಮೂಲ್ಯವಾದ ಲಾಭವುಂಟು: ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾದ ಸಿ ಜೀವಸತ್ವವು ಮೊಳಕೆಯಲ್ಲಿ ಹೊಸದಾಗಿ ಹುಟ್ಟುತ್ತದೆ.

ಇದರ ಬೆಲೆಯನ್ನು ಇತಿಹಾಸವೇ ಹೇಳುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, ೧೯೧೬ರ ಸುಮಾರಿಗೆ, ಮೆಸೊಪೊಟೇಮಿಯಾದಲ್ಲಿದ್ದ ಭಾರತೀಯ ಸೈನಿಕರು ಹಸಿ ತರಕಾರಿ ದೊರೆಯದೆ ಸ್ಕರ್ವಿ ರೋಗಕ್ಕೆ ತುತ್ತಾದರು. ಒಸಡು ಊದಿ ರಕ್ತ ಒಸರುವ, ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವನ್ನೇ ತೆಗೆಯುವ ರೋಗವದು. ಅವರ ಪಡಿಯಲ್ಲಿದ್ದ ಒಣಬೇಳೆ ಅದನ್ನು ತಡೆಯಲಾರದಾಯಿತು. ಒಣಕಾಳಿನಲ್ಲಿಲ್ಲದ ಈ ರಕ್ಷಕಶಕ್ತಿ ಮೊಳೆತ ಕಾಳಿನಲ್ಲಿದೆಯೆಂಬುದನ್ನು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಂಗಡಿಗರು ಆ ಯುದ್ಧಕಾಲದಲ್ಲಿಯೇ ಪ್ರಯೋಗಗಳಿಂದ ತೋರಿಸಿದರು. ಬೇಕಾದುದು ಇಡಿಯ ಕಾಳು, ಶುದ್ಧವಾದ ನೀರು, ಒಂದೆರಡು ದಿನಗಳ ತಾಳ್ಮೆ, ಇಷ್ಟೇ! ಒಡೆದ ಬೇಳೆ ಮೊಳೆಯುವುದಿಲ್ಲ.

ಬಹಳ ಹೊತ್ತು ಕುದಿಸಿದರೆ ಈ ಜೀವಸತ್ವವು ನಾಶವಾಗುತ್ತದೆ. ಹಾಗೆಂದು ತೊಳೆಯದೆ ತಿನ್ನುವುದೂ ಸರಿಯಲ್ಲ. ಬೆಚ್ಚನೆಯ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಚೆನ್ನಾಗಿ ತೊಳೆದು, ಹದವಾಗಿ ಬೇಯಿಸಿ ಉಸುಳಿ ಮಾಡುವುದೇ ಮೇಲು. ಇನ್ನು ಮುಂದೆ ತಟ್ಟೆಗೆ ಉಸುಳಿ ಬಂದಾಗ, ಆ ಪುಟ್ಟ ಕಾಳು ನಮಗಾಗಿ ಪಟ್ಟ ಶ್ರಮವನ್ನು ನೆನೆಯೋಣ.