ಬಸ್ ಚಾರ್ಜ್ ಸೊನ್ನೆಯಾದ ಮೇಲೆ ತಾಯಲೂರಿನ ಅಂಗಡಿ ಲೆಕ್ಕ

ಮುಳಬಾಗಿಲು ತಾಲ್ಲೂಕಿನ ತಾಯಲೂರಿನಂಥ ಹೋಬಳಿ ಊರಿನ ದಿನಸಿ ಅಂಗಡಿಗೆ ಬಹಳ ಕಾಲ ಬೇಲಿಯಾಗಿದ್ದದ್ದು ಬಸ್ ಚಾರ್ಜು. ಪೇಟೆಯಲ್ಲಿ ಬೇಳೆ, ಎಣ್ಣೆ, ಸೋಪು ನೂರಕ್ಕೆ 4 ರೂ. ಅಗ್ಗ ಎಂದು ಹಿಡಿಯಿರಿ. ಸಾವಿರ ರೂಪಾಯಿ ಸಾಮಾನಿಗೆ ಉಳಿಯುವುದು 40 ರೂ. ಹೋಗಿಬರುವ ಟಿಕೆಟ್ಟೂ ಅಷ್ಟೇ ಆದರೆ ಊರಂಗಡಿಯೇ ವಾಸಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಸೊನ್ನೆಯಾಯಿತು, ಬೇಲಿ ಬಿತ್ತು. ಗಡಿಯಾಚೆ ಆಂಧ್ರದಲ್ಲೂ 2025ರ ಆಗಸ್ಟ್ 15ರಿಂದ ಇದೇ ಸೌಲಭ್ಯ. ಇತ್ತ 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂ. ಕೈಗೆ ದುಡ್ಡು ಕೊಟ್ಟ ಸರ್ಕಾರವೇ ಪೇಟೆಯ ಬಸ್ಸನ್ನೂ ಹತ್ತಿಸಿತು ಎಂದು ಅಂಗಡಿಯವರು ಗೊಣಗಿದರೆ ತಪ್ಪಿಲ್ಲ.

ಗಿರಾಕಿ ಕೈಬಿಡುತ್ತಿದ್ದಾರೆ ಅನ್ನಿಸಿದಾಗ ಮೊದಲು ಹೊಳೆಯುವ ಉಪಾಯ ರೇಟು ಇಳಿಸುವುದು. ಅದಕ್ಕೆ ಒಂದು ಮಾದರಿ ಅಂಗಡಿಯನ್ನು ಕಾಗದದ ಮೇಲೆ ತೆರೆಯೋಣ. ದಿನಕ್ಕೆ 100 ಗಿರಾಕಿ, ತಲಾ 60 ರೂ. ವ್ಯಾಪಾರ. ದಿನದ ಗಲ್ಲಾ 6,000, ತಿಂಗಳಿಗೆ 1,80,000 ರೂ. ನೂರಕ್ಕೆ 10 ಲಾಭವೆಂದರೆ 18,000. ಬಾಡಿಗೆ 2,500, ಫ್ರಿಜ್ ಸಮೇತ ಕರೆಂಟು 1,500, ಮಾಲು ತರುವ ಲಗೇಜ್ ಆಟೊ 2,000, ಇಲಿ-ಹುಳು-ಒಡೆದ ಪ್ಯಾಕೆಟ್ಟು 1,000. ಕಳೆದರೆ ಉಳಿಯುವುದು 11,000. ದಿನಕ್ಕೆ ಸುಮಾರು 367 ರೂ. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಒಂಬತ್ತಕ್ಕೆ ಹಾಕುವ, ಗಂಡ ಇಲ್ಲದಾಗ ಹೆಂಡತಿ ಕೂರುವ ಅಂಗಡಿಯ ಸಂಪಾದನೆ ಇದು.

ಈಗ ಪೇಟೆಗೆ ಸರಿಸಮನಾಗಿ ನೂರಕ್ಕೆ 4 ಇಳಿಸಿ. 90ಕ್ಕೆ ತಂದದ್ದನ್ನು 96ಕ್ಕೆ ಮಾರಿದರೆ ಉಳಿಯುವುದು 6. ಅದೇ 18,000 ಹುಟ್ಟಬೇಕಾದರೆ ತಿಂಗಳಿಗೆ 2,88,000 ರೂ. ವ್ಯಾಪಾರವಾಗಬೇಕು, ದಿನಕ್ಕೆ 9,600. ಊರಿನ ಮನೆಗಳು ಇದ್ದಷ್ಟೇ ಇರುತ್ತವೆ, ಉಣ್ಣುವ ಬಾಯಿಯೂ ಅಷ್ಟೇ. ಎಲ್ಲ ಸಾಮಾನಿಗೂ ರೇಟು ಇಳಿಸುವುದು ಸಣ್ಣ ಅಂಗಡಿಗೆ ಅತ್ಯಂತ ದುಬಾರಿ ಜಾಹೀರಾತು. ಸಕ್ಕರೆ, ಎಣ್ಣೆಯಂಥ ಎರಡು ಸಾಮಾನಿಗೆ ಇಳಿಸಿದರೆ ಸಾಕು. ಹೆಂಗಸರು ರೇಟು ಬಾಯಿಪಾಠ ಇಟ್ಟುಕೊಂಡಿರುವುದು ಅಂಥವಕ್ಕೇ.

ಕಂಪನಿ ಸಾಮಾನಿನಲ್ಲಿ ಇನ್ನೊಂದು ಪೆಟ್ಟು ಗೊತ್ತಾಗದಂತೆ ಬಿದ್ದಿದೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ಗಿರಾಕಿಗೆ ಒಳ್ಳೆಯದೇ. ಆದರೆ 118 ರೂ. ಇದ್ದದ್ದು 105 ಆದರೆ, ನೂರಕ್ಕೆ 10ರಂತೆ ಅಂಗಡಿಗೆ ಸಿಗುತ್ತಿದ್ದ 11.80 ರೂ. 10.50ಕ್ಕೆ ಇಳಿಯುತ್ತದೆ. ಅಷ್ಟೇ ಪೀಸು ಮಾರಿದರೂ ಲಾಭದಲ್ಲಿ ಒಂಬತ್ತನೇ ಒಂದು ಪಾಲು ಖೋತಾ.

ಪೇಟೆಯ ಅಂಗಡಿ ಕೊಡಲಾರದ್ದು, ಊರಂಗಡಿ ಕೊಡುವಂಥದ್ದು ಒಂದಿದೆ: ಉದ್ದರಿ. "ಉದ್ದರಿ ಕೇಳಬೇಡಿ" ಎಂಬ ಬೋರ್ಡಿನ ಕೆಳಗೇ ಉದ್ದರಿ ಪುಸ್ತಕ ಇರುತ್ತದೆ. ಪ್ರಶ್ನೆ ಇರುವುದು ಕೊಡಬೇಕೋ ಬೇಡವೋ ಎಂಬುದರಲ್ಲಲ್ಲ, ಯಾವ ದುಡ್ಡಿನ ಮೇಲೆ ಕೊಡಬೇಕು ಎಂಬುದರಲ್ಲಿ. ಈ ಸೀಮೆಗೆ ದುಡ್ಡು ಬರುವ ದಾರಿ ಮುಖ್ಯವಾಗಿ ಎರಡು, ಹಾಲು ಮತ್ತು ಟೊಮೆಟೊ. ದಿನಕ್ಕೆ 10 ಲೀಟರ್ ಹಾಲನ್ನು ಡೇರಿಗೆ ಹಾಕುವ ಮನೆಗೆ, ಲೀಟರಿಗೆ 35 ರೂ. ಹಿಡಿದರೂ, ಹದಿನೈದು ದಿನದ ಬಟವಾಡೆ 5,250 ರೂ. ಸರ್ಕಾರದ 5 ರೂ. ಪ್ರೋತ್ಸಾಹಧನ ಬೇರೆ. ಟೊಮೆಟೊ ಹಾಗಲ್ಲ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸು 2,000 ರೂ. ದಾಟಿತ್ತು, ಸೆಪ್ಟೆಂಬರ್ ಹೊತ್ತಿಗೆ ಅದೇ ಹಣ್ಣಿನ ದರ ನೆಲಕಚ್ಚಿತು. "ಟೊಮೆಟೊ ಕೀಳಲಿ, ಕೊಡ್ತೀನಿ ಬಿಡಣ್ಣ" ಎಂಬ ಮಾತಿನಲ್ಲಿ ಮೋಸವಿಲ್ಲ, ಆದರೆ ಭರವಸೆಯೂ ಇಲ್ಲ.

ಮಾದರಿ ಅಂಗಡಿಯಲ್ಲಿ ದಿನಕ್ಕೆ 1,800 ರೂ. ಉದ್ದರಿ ಹೋಗುತ್ತದೆ ಎನ್ನಿ. ಬಟವಾಡೆಗೆ ಬಟವಾಡೆ ತೀರಿದರೆ ಸರಾಸರಿ ಏಳೂವರೆ ದಿನದ ಬಾಕಿ, ಅಂದರೆ 13,500 ರೂ. ಹೊರಗಿರುತ್ತದೆ. ನೂರಕ್ಕೆ ತಿಂಗಳಿಗೆ 2 ರೂ. ಬಡ್ಡಿಯಂತೆ 270. ಅದೇ ಟೊಮೆಟೊ ಕೊಯ್ಲಿಗೆ ಕಾದು ಸರಾಸರಿ 45 ದಿನವಾದರೆ ಬಾಕಿ 81,000, ಬಡ್ಡಿ 1,620 ರೂ. ಒಬ್ಬ ಗಿರಾಕಿ 3,000 ಮುಳುಗಿಸಿದರೆ ಅದನ್ನು ತುಂಬಲು 30,000 ರೂ. ವ್ಯಾಪಾರ ಬೇಕು. ಹಾಗಾಗಿ ಡೇರಿಗೆ ಹಾಲು ಹಾಕುವ ಮನೆಗೆ ಒಂದು ಬಟವಾಡೆಯ ಅರ್ಧದಷ್ಟು, ಸುಮಾರು 2,500ರವರೆಗೆ, ಧಾರಾಳವಾಗಿ ಕೊಡಬಹುದು. ಟೊಮೆಟೊ ನಂಬಿ ಕೊಡುವುದಾದರೆ ಕೈಬಿಟ್ಟರೂ ನಿದ್ದೆ ಬರುವಷ್ಟು ಮಾತ್ರ.

ಹೋಲ್‌ಸೇಲ್‌ನವರ "12ಕ್ಕೆ 1 ಫ್ರೀ" ಆಸೆಯೂ ಹೀಗೇ. 13ರಲ್ಲಿ 1 ಎಂದರೆ ನೂರಕ್ಕೆ 7.7 ಲಾಭ. ಅದೇ 2 ರೂ. ಬಡ್ಡಿಯ ದುಡ್ಡಿನಲ್ಲಿ ತಂದ ಮಾಲು ಆರು ತಿಂಗಳು ಅಲುಗದೆ ಕೂತರೆ ಬಡ್ಡಿಯೇ 12 ತಿನ್ನುತ್ತದೆ.

ಫೋನ್‌ಪೇ, ಗೂಗಲ್‌ಪೇ ಬೋರ್ಡಿನ ಬಗ್ಗೆ ಒಂದು ಮಾತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನಲ್ಲಿ ಹಲವರು ಕ್ಯೂಆರ್ ಕಿತ್ತುಹಾಕಿದರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಮ್ಮ ಮಾದರಿ ಅಂಗಡಿಯ ವರ್ಷದ ವ್ಯಾಪಾರ 21.6 ಲಕ್ಷ. ಈ ಗಾತ್ರದ ಅಂಗಡಿ ಹೆದರಿ ಕ್ಯೂಆರ್ ತೆಗೆಯುವುದರಲ್ಲಿ ಅರ್ಥವಿಲ್ಲ.

ಇನ್ನು ಖರ್ಚಿಲ್ಲದ ದಾರಿ. ಡೇರಿ ಸಮಯಕ್ಕೆ ಬಾಗಿಲು ತೆಗೆದಿರಬೇಕು. ಕ್ಯಾನು ಹಿಡಿದು ಬಂದವರು ಹೋಗುವಾಗ ಕಾಫಿಪುಡಿ, ಸಕ್ಕರೆ ಕಟ್ಟಿಸಿಕೊಂಡು ಹೋಗುತ್ತಾರೆ. ಕಡಲೆಬೀಜ, ಹುರಿಗಡಲೆ, ಬೆಲ್ಲವನ್ನು ಚೀಲದಲ್ಲಿ ತಂದು 10 ರೂಪಾಯಿಯ ಪೊಟ್ಟಣ ಕಟ್ಟಿ ಕಣ್ಣಿಗೆ ಬೀಳುವಂತೆ ಇಡಿ. ನೂರರಲ್ಲಿ 50 ಜನ ಒಂದೊಂದು ಕೊಂಡರೆ ತಿಂಗಳಿಗೆ 15,000 ವ್ಯಾಪಾರ. ಬಿಡಿ ಸಾಮಾನಿಗೆ ನೂರಕ್ಕೆ 20 ಹಿಡಿದರೆ 3,000 ಲಾಭ. 11,000 ಇದ್ದ ಉಳಿಕೆ 14,000 ಆಗುತ್ತದೆ, ಒಂದು ಪೈಸೆ ರೇಟು ಇಳಿಸದೆ. ಪೇಟೆಗೆ ಹೋದವರು ಮುಳಬಾಗಿಲು ದೋಸೆ ತಿಂದೇ ಬರುತ್ತಾರೆ, ಅದನ್ನು ತಡೆಯಲು ಯಾರಿಂದಲೂ ಆಗದು.

ತಡೆಯಬಹುದಾದದ್ದು "ಇಲ್ಲ" ಎಂಬ ಉತ್ತರವನ್ನು. ದಿನಕ್ಕೆ 8 ಜನರಿಗೆ 25 ರೂಪಾಯಿಯ ಸಾಮಾನು ಇಲ್ಲವೆಂದರೆ ತಿಂಗಳಿಗೆ 6,000 ರೂ. ವ್ಯಾಪಾರ ಹೋಯಿತು. ಬೋರ್ಡಿಗೆ ಬಣ್ಣ ಹೊಡೆಸುವ ಮೊದಲು, ಉದ್ದರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ವಾರ ಗಿರಾಕಿ ಕೇಳಿ ಸಿಗದ ಸಾಮಾನುಗಳ ಹೆಸರು ಬರೆದಿಡಿ. ಮುಂದಿನ ಸಲ ಹೋಲ್‌ಸೇಲ್ ಅಂಗಡಿಗೆ ಒಯ್ಯಬೇಕಾದ ಚೀಟಿ ಅದೇ.