ರಕ್ತದ ಕೊಬ್ಬಿಗೆ ಎನ್‌ಎಂಆರ್ ಪರೀಕ್ಷೆ ಏಕೆ?

ಪ್ರಶ್ನೆ: ರಕ್ತದ ಕೊಬ್ಬನ್ನು ಎನ್‌ಎಂಆರ್‌ನಿಂದಲೂ ಅಳೆಯುತ್ತಾರಂತೆ, ಹೌದೇ? (ಸಿದ್ದಾಪುರದ ಓದುಗರು)

ಹೌದು. ಶಿರಸಿಯಲ್ಲೋ ಯಲ್ಲಾಪುರದಲ್ಲೋ ಮಾಡಿಸುವ ಲಿಪಿಡ್ ಪ್ರೊಫೈಲ್‌ನಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ಎಷ್ಟು ಮಿಲಿಗ್ರಾಂ ಎಂದಷ್ಟೇ ಇರುತ್ತದೆ. ಅದನ್ನು ಹೊತ್ತ ಕಣಗಳೆಷ್ಟು? ಒಂದೇ ಕ್ವಿಂಟಲ್ ಅಡಿಕೆ ಸಣ್ಣ ಚೀಲಗಳಲ್ಲಿದ್ದರೆ ಚೀಲ ಜಾಸ್ತಿಯಾಗುವುದಿಲ್ಲವೇ, ಹಾಗೆ. ರಕ್ತನಾಳದ ಗೋಡೆಯೊಳಗೆ ನುಸುಳುವುದು ಈ ಕಣಗಳೇ, ಹಾಗಾಗಿ ಸಂಖ್ಯೆ ಮುಖ್ಯ.

ಈ ಸಂಖ್ಯೆ ತಿಳಿಯಲು ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ನೆರವಾಗುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ರಕ್ತರಸವಿಟ್ಟು ರೇಡಿಯೊ ತರಂಗ ಹಾಯಿಸಿದರೆ, ಕೊಬ್ಬಿನ ಮೀಥೈಲ್ ಗುಂಪಿನ ಹೈಡ್ರೋಜನ್ 0.8 ಪಿಪಿಎಂ ಆಸುಪಾಸಿನಲ್ಲಿ ಸಂಕೇತ ಕೊಡುತ್ತದೆ. ಕಣದ ಗಾತ್ರ ಬದಲಾದರೆ ಸಂಕೇತವೂ ತುಸು ಸರಿಯುತ್ತದೆ. ಗಾತ್ರ, ಸಂಖ್ಯೆ ಎರಡೂ ಈ ಸಂಕೇತದಿಂದಲೇ ಸಿಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್‌ಎಂಆರ್ ಯಂತ್ರಗಳಿವೆ, ಆದರೆ ಅವು ಸಂಶೋಧನೆಗೆ. ಹಾಗಾಗಿ ಸಕ್ಕರೆ ಕಾಯಿಲೆ ಇದ್ದವರು, ಟ್ರೈಗ್ಲಿಸರೈಡ್ ಹೆಚ್ಚಿರುವವರು ಕಣಗಳ ಸಂಖ್ಯೆಯ ಅಂದಾಜು ಕೊಡುವ ಅಪೊಬಿ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.